ಐದನೆಯ ಚುಕ್ಕಿ

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಸುದ್ದಿ ಬಹಳ ತಡವಾಗಿ ಬಂದಾಗ ನಾನು ರೋಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ಒಂದು ಭಾನುವಾರ ಬಸ್ಸು ಹಿಡಿದು ನರಗುಂದಕ್ಕೆ ಹೋದೆ. ಮಾಸ್ತರರು ಪಡಸಾಲೆಯಲ್ಲಿ ಕುಳಿತು ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸುತ್ತಿದ್ದರು. ಐವತ್ತು ದಾಟಿದ ಮೇಲೆ ಹುಬ್ಬಳ್ಳಿಗೆ ಹೋಗಿ ಕಲಿತು ಬಂದಿದ್ದರಂತೆ. ಮನೆಯಲ್ಲಿದ್ದದ್ದು ಅಂಥ ಮೂರೇ ಪುಸ್ತಕ. ಓದಿ ಓದಿ ಮೂರೂ ಬಾಯಿಪಾಠವಾಗಿದ್ದವು.

ಕನ್ನಡದಲ್ಲಿ ಟೈಪು ಮಾಡಿದ್ದನ್ನು ಬ್ರೈಲಿಗೆ ತಿರುಗಿಸುವ ಪ್ರೋಗ್ರಾಂ ಬರೆದುಕೊಡುತ್ತೇನೆ, ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸೋಣ ಎಂದೆ. ಅವರು ಪುಸ್ತಕದಿಂದ ಬೆರಳೆತ್ತಿ, "ಯಾವ ಪುಸ್ತಕ ಬೇಕಾದ್ರೂ ಆಗ್ತೈತೇನ ತಂಗಿ?" ಎಂದು ಕೇಳಿದರು. ಆಗುತ್ತದೆ ಎಂದುಬಿಟ್ಟೆ.

ಬ್ರೈಲಿನಲ್ಲಿ ಒಂದು ಅಕ್ಷರದ ಮನೆಗೆ ಆರು ಚುಕ್ಕಿ. ಎಡಕ್ಕೆ ಒಂದು, ಎರಡು, ಮೂರು. ಬಲಕ್ಕೆ ನಾಲ್ಕು, ಐದು, ಆರು. ಬಿಡಿ ಅಕ್ಷರಗಳ ಪಟ್ಟಿ ನನ್ನ ಬಳಿ ಇತ್ತು, ಆದರೆ ಪದಗಳಲ್ಲಿ ಅವು ಹೇಗೆ ಕೂಡುತ್ತವೆ ಎಂಬುದು ಪಟ್ಟಿಯಿಂದ ಪೂರ್ತಿ ತಿಳಿಯುತ್ತಿರಲಿಲ್ಲ. ಅದಕ್ಕೆ ಪ್ರತಿ ಭಾನುವಾರ ಅವರೆದುರು ಕೂತು, ಆ ಮೂರರಲ್ಲಿ ಒಂದು ಪುಸ್ತಕವನ್ನು ಅವರು ಬೆರಳಿಂದ ಓದುತ್ತ ಹೇಳಿದ ಚುಕ್ಕಿಗಳನ್ನು ಬರೆದುಕೊಳ್ಳುತ್ತಿದ್ದೆ. ಅದೇ ಪುಸ್ತಕದ ಮುದ್ರಿತ ಪ್ರತಿ ನನ್ನ ಹತ್ತಿರ ಇತ್ತು. ಬಾಯಿಪಾಠದಿಂದ ಹೇಳಬಾರದೆಂದು ನಾನೇ ಕರಾರು ಹಾಕಿದ್ದೆ. "ಅರ್ಥ ನೋಡಬ್ಯಾಡ್ರಿ ಸರ್, ಬೆರಳಿಗೆ ಹತ್ತಿದ್ದಷ್ಟ ಹೇಳ್ರಿ" ಎಂದಿದ್ದೆ. ಅವರು ವಿಧೇಯ ವಿದ್ಯಾರ್ಥಿಯಂತೆ ಹಾಗೆಯೇ ಮಾಡಿದರು.

ರೋಣಕ್ಕೆ ಬಂದು ಆ ಪದಗಳನ್ನು ಟೆಸ್ಟ್‌ಗಳಾಗಿ ಬರೆಯುತ್ತಿದ್ದೆ: ಈ ಪದ ಕೊಟ್ಟರೆ ಈ ಚುಕ್ಕಿಗಳು ಬರಬೇಕು. ಬರದಿದ್ದರೆ ಕಂಪ್ಯೂಟರೇ ತಪ್ಪೆಂದು ತೋರಿಸುತ್ತಿತ್ತು, ಅಂದರೆ ಟೆಸ್ಟ್ ಬಿತ್ತು. ಮೊದಲ ಎರಡು ತಿಂಗಳು ಎಲ್ಲ ಸಲೀಸಾಗಿ ನಡೆಯಿತು. ದೀಪಾವಳಿಯ ನಂತರ ಬರೆದ ಟೆಸ್ಟ್‌ಗಳು ಒಂದೊಂದಾಗಿ ಬೀಳತೊಡಗಿದವು. ಪಟ್ಟಿಯಲ್ಲಿಲ್ಲದ ಯಾವುದೋ ನಿಯಮ ಇರಬೇಕೆಂದುಕೊಂಡು, ಬಿದ್ದ ಪ್ರತಿ ಪದಕ್ಕೂ ಪ್ರೋಗ್ರಾಮಿಗೆ ಒಂದು ವಿನಾಯಿತಿ ಸೇರಿಸಿದೆ. ಅದರಿಂದ ಹಳೆಯ ಟೆಸ್ಟ್‌ಗಳೂ ಬಿದ್ದವು. ಎರಡು ತಿಂಗಳು ಹೀಗೆ ಹೊಲಿದದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಹೊಲಿಯುವುದೇ ಆಯಿತು. ಮಾಸ್ತರರು ಮಾತ್ರ ಪ್ರತಿ ವಾರ, ಎಲ್ಲೀಮಟ ಬಂತು ಎಂದು ಕೇಳುತ್ತಿದ್ದರು. ಇನ್ನೇನು ಮುಗಿಯಿತು ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಪಾಠ ಇಲ್ಲದ ಹೊತ್ತಿನಲ್ಲಿ ವಿನಾಯಿತಿಗಳನ್ನೆಲ್ಲ ತೆಗೆದುಹಾಕಿ, ಟೆಸ್ಟ್‌ಗಳನ್ನು ತಪ್ಪು ಹುಡುಕುವ ಡಿಬಗರ್ ಜೊತೆ ಓಡಿಸಿದೆ. ಅದರಲ್ಲಿ, ಟೆಸ್ಟ್ ಬಿದ್ದ ಜಾಗದಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ನಿಂತಲ್ಲೇ ಅದನ್ನು ಮಾತಾಡಿಸಬಹುದು. ಈಗ ನಿನ್ನ ಕೈಯಲ್ಲಿ ಯಾವ ಅಕ್ಷರ ಇದೆ, ಅದಕ್ಕೆ ಯಾವ ಚುಕ್ಕಿ ಹಾಕಿದೆ ಎಂದು ಒಂದೊಂದಾಗಿ ಕೇಳಬಹುದು. ಕೇಳಿದೆ. ಅಕ್ಷರ 'ರ', ಚುಕ್ಕಿ ಒಂದು, ಎರಡು, ಮೂರು, ಐದು. ಪಟ್ಟಿಯಲ್ಲಿದ್ದಂತೆಯೇ. ಟೆಸ್ಟ್‌ನಲ್ಲಿ ಇದ್ದದ್ದು ಒಂದು, ಎರಡು, ಮೂರು. ಅದು 'ಲ'. ಮುಂದಿನದಕ್ಕೆ ನಡೆಸಿದೆ. ಅಲ್ಲೂ ಐದು ಇರಲಿಲ್ಲ. ಅದರ ಮುಂದಿನದರಲ್ಲಿ ಆರು ಇರಲಿಲ್ಲ. ಬಿದ್ದ ಟೆಸ್ಟ್‌ಗಳಲ್ಲೆಲ್ಲ ನಿಂತು ನಿಂತು ಕಾಗದದ ಮೇಲೆ ಬರೆದುಕೊಂಡೆ. ಎಲ್ಲಿಯೂ ಒಂದು ಚುಕ್ಕಿ ಹೆಚ್ಚಿಗೆ ಇರಲಿಲ್ಲ. ಬರೀ ಕಡಿಮೆ, ಹೆಚ್ಚಾಗಿ ಐದನೆಯದು. ಪ್ರೋಗ್ರಾಂ ಮೊದಲಿನಿಂದಲೂ ಸರಿಯಿತ್ತು. ಚುಕ್ಕಿ ತಪ್ಪುತ್ತಿದ್ದದ್ದು ಮಾಸ್ತರರ ಬೆರಳಿಗೆ. ಡಿಬಗರ್ ಮುಂದಿನ ಆದೇಶಕ್ಕೆ ಕಾಯುತ್ತಿತ್ತು. ನಾನು ಕಂಪ್ಯೂಟರ್ ಬಂದ್ ಮಾಡಿದೆ.

ಪುಸ್ತಕ ಸವೆದಿರಬಹುದು ಎಂಬ ಒಂದೇ ಆಸೆ ಉಳಿದಿತ್ತು. ಆ ಭಾನುವಾರ ಅವರ ಕೈಯಿಂದ ಪುಸ್ತಕ ಈಸಿಕೊಂಡು, ಅವರು ತಪ್ಪು ಹೇಳಿದ್ದ ಸಾಲನ್ನು ಹುಡುಕಿ ನೋಡಿದೆ. ಐದನೆಯ ಚುಕ್ಕಿ ಇತ್ತು. ನನ್ನ ಬೆರಳಿಟ್ಟೆ. ಸಾಸಿವೆಕಾಳಿನಂತೆ ತಾಗಿತು.

ಪುಸ್ತಕ ವಾಪಸು ಕೊಡದ್ದಕ್ಕೆ ಮಾಸ್ತರರು, "ಏನಾತು?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರ ಬೆರಳು ಹಿಡಿದು ಆ ಚುಕ್ಕಿಯ ಮೇಲಿಟ್ಟು, ಇಲ್ಲೇನು ಹತ್ತುತ್ತದೆ ಎಂದು ಕೇಳಿದೆ. ಅವರು ಒತ್ತಿದರು, ಸರಿಸಿದರು, ಮತ್ತೆ ಒತ್ತಿದರು. ಆಮೇಲೆ ಎಡಗೈ ಇಟ್ಟು ನೋಡಿದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಹೋದ ವಾರ ಕಾದ ಚಹಾದ ವಾಟಗ ಹಿಡಿದು ಬೆರಳಿಗೆ ಬೊಬ್ಬೆ ಎದ್ದರೂ ಇವರಿಗೆ ಗೊತ್ತಾಗಿರಲಿಲ್ಲ ಎಂದು ಮೆಲ್ಲಗೆ ಹೇಳಿದರು.

"ಹಂಗಾರ ಇಷ್ಟ ದಿನಾ ನಾ ಓದಿದ್ದು?" ಎಂದರು ಮಾಸ್ತರರು. ಉತ್ತರವನ್ನೂ ಅವರೇ ಹೇಳಿದರು: "ಓದಿಲ್ಲ. ನೆನಪು ಮಾಡ್ಕೊಂಡೀನಿ."

ಗದಗಿನ ದವಾಖಾನೆಗೆ ನಾನೂ ಜೊತೆಗೆ ಹೋದೆ. ಸಕ್ಕರೆ ಹತೋಟಿಯಲ್ಲಿಟ್ಟರೆ ಇನ್ನಷ್ಟು ಹೋಗದಂತೆ ತಡೆಯಬಹುದು, ಹೋದ ಸ್ಪರ್ಶ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು.

ಮುದ್ರಿತ ಪುಸ್ತಕ ನೋಡಿ ತಪ್ಪಿದ ಟೆಸ್ಟ್‌ಗಳನ್ನೆಲ್ಲ ತಿದ್ದಿದೆ. ಓಡಿಸಿದರೆ ಒಂದೂ ಬೀಳಲಿಲ್ಲ. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಪ್ರೋಗ್ರಾಂ ಬೇರೆ ಯಾರಿಗಾದರೂ ಬೇಕಾಗುತ್ತಿತ್ತೇನೋ; ವಿಚಾರಿಸುವ ಮನಸ್ಸಾಗಲಿಲ್ಲ.

ಮುಂದೆ ನಾಲ್ಕಾರು ಭಾನುವಾರ ಹೋಗಿ ಅವರಿಗೆ ಪುಸ್ತಕ ಓದಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಿದ್ದರು, ಆದರೆ ಬೆರಳುಗಳು ಪಂಚೆಯ ಮೇಲೆ ಎಡದಿಂದ ಬಲಕ್ಕೆ ಹರಿದಾಡುತ್ತಿದ್ದವು. ಕೊನೆಯ ಸಲ ಹೊರಟು ನಿಂತಾಗ, "ಇನ್ನ ಬರಬ್ಯಾಡ ತಂಗಿ" ಎಂದರು. "ನೀ ಬಂದ್ರ ನನಗ ಓದಬೇಕು ಅನಸ್ತದ."

ಆಮೇಲೆ ಗಜೇಂದ್ರಗಡದಲ್ಲಿ ಕೆಲಸ ಸಿಕ್ಕಿತು, ನರಗುಂದ ಇನ್ನಷ್ಟು ದೂರವಾಯಿತು. ಬರಬೇಡ ಅಂದಿದ್ದಾರಲ್ಲ ಎಂಬ ನೆಪ ನನಗೆ ಸಾಕಾಗಿತ್ತು. ಹೋಗಬೇಕಿತ್ತು. ಹೋಗಲಿಲ್ಲ.