ಬೀಳಿಸಪ್ಪನ ಹಾಡು

ಬೀಳಿಸಪ್ಪ ತೀರಿಕೊಂಡ. ಭಾನುವಾರ ರಾತ್ರಿ ಕಾರ್ಖಾನೆಯಿಂದ ಮನೆಗೆ ಬಂದು, ಹಸಿವಿಲ್ಲ ಎಂದು ಮಲಗಿದವನು ಸೋಮವಾರ ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಅವನು ಕುಣಿದ ಹಾಡಿನ ವಿಡಿಯೋ ಹೊರಬಂದದ್ದು ಆಮೇಲೆ. ಜನ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಗಲಿ. ಅವನಿಗೂ ಅದೇ ಬೇಕಾಗಿತ್ತು.

ಅವನ ಕೆಲಸ ಪೆಟ್ಟಿಗೆ ಬೀಳಿಸುವುದು. ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಹಿಂಬದಿಯಲ್ಲಿ ಅವನದೊಂದು ಕೋಣೆ. ಸಿಮೆಂಟಿನ ನೆಲ, ಎದೆಯೆತ್ತರದ ಒಂದು ಕಟ್ಟೆ. ಪ್ರತಿ ಮಾಲಿನಿಂದ ಒಂದು ಪೆಟ್ಟಿಗೆ ಎತ್ತಿಕೊಂಡು, ಒಳಗೆ ಗಾಜಿನ ಭರಣಿ ಇಟ್ಟು, ಮುಚ್ಚಿ, ಕಟ್ಟೆಯ ಮೇಲಿಂದ ಬಿಡುತ್ತಿದ್ದ. ಮೊದಲು ಮೂಲೆಯ ಮೇಲೆ, ಆಮೇಲೆ ಅಂಚುಗಳ ಮೇಲೆ, ಕೊನೆಗೆ ಒಂದೊಂದೇ ಮುಖದ ಮೇಲೆ. ಭರಣಿ ಉಳಿದು, ಪೆಟ್ಟಿಗೆ ಬಾಯಿ ಬಿಡದಿದ್ದರೆ ಮಾಲು ಲಾರಿ ಹತ್ತಬಹುದು. ಇಲ್ಲವಾದರೆ ಅಷ್ಟೂ ವಾಪಸ್ಸು.

ಈ ಕೆಲಸ ಅವನಿಗೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಹರೆಯದಲ್ಲಿ ಅವನು ಲಾರಿ ಖಾಲಿ ಮಾಡುವ ಹಮಾಲಿ. "ನನ್ನಷ್ಟು ಪೆಟ್ಟಿಗೆ ಎಸೆದೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. 'ಜೋಪಾನ' ಅಂತ ಬರೆದಿರೋದನ್ನ ಇನ್ನೂ ಜೋರಾಗಿ ಎಸೀತಿದ್ವಿ" ಎನ್ನುತ್ತಿದ್ದ. ಕೆಲಸ ಕೇಳಿಕೊಂಡು ಬಂದ ದಿನವೇ ಯಜಮಾನರಿಗೆ ಇದನ್ನು ನೇರವಾಗಿ ಹೇಳಿದನಂತೆ. ಕಳ್ಳನ ಕೈಗೇ ಬೀಗದ ಕೈ ಕೊಡೋಣವೆಂದು ಯಜಮಾನರು ಅವನನ್ನು ಇಟ್ಟುಕೊಂಡರು.

ಆದರೆ ವಾಪಸ್ಸಾದ ಮಾಲಿಗೆ ಮತ್ತೆ ಕೈ ಹಚ್ಚಬೇಕಾದವರು ಅಂಟು ವಿಭಾಗದ ಹೆಂಗಸರು. ಮನೆಗೆ ಹೊರಡಲು ಸೆರಗು ಕೊಡವಿಕೊಂಡು ಎದ್ದ ಹೊತ್ತಿಗೆ ಸರಿಯಾಗಿ ಬೀಳಿಸಪ್ಪ ಬಾಗಿಲಲ್ಲಿ ನಿಂತಿರುತ್ತಿದ್ದ, ಕೈಯಲ್ಲಿ ಒಡಕು ಪೆಟ್ಟಿಗೆ ಹಿಡಿದು. ಅವರ ಮುಖಂಡೆಯನ್ನು ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು. ಗೋಂದಿನ ಹಂಡೆ ಅವಳದು, ಅದಕ್ಕಿಂತ ಬಿಸಿಯಾದದ್ದು ಅವಳ ನಾಲಿಗೆ. ಅವನಿಗೆ ಬೀಳಿಸಪ್ಪ ಎಂದು ಹೆಸರಿಟ್ಟವಳೂ ಅವಳೇ. ಊಟದ ಹೊತ್ತಿನಲ್ಲಿ ಅವನು ಅತ್ತ ಸುಳಿದರೆ ಉದ್ದನೆಯ ಮೇಜಿನ ಮಾತೆಲ್ಲ ಥಟ್ಟನೆ ನಿಲ್ಲುತ್ತಿತ್ತು. ಹಾಗಾಗಿ ವರ್ಷಾನುಗಟ್ಟಲೆ ಅವನು ತನ್ನ ಕೋಣೆಯ ಕಟ್ಟೆಯ ಮೇಲೇ ಬುತ್ತಿ ಬಿಚ್ಚುತ್ತಿದ್ದ. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಕಂಪನಿಯ ಪ್ರಚಾರಕ್ಕೆ ಒಂದು ತಮಾಷೆಯ ಹಾಡು ಮಾಡಬೇಕು, ಕುಣಿಯುವವರೂ ಹಾಡುವವರೂ ನಮ್ಮವರೇ ಆಗಿರಬೇಕು ಎಂದು ಯಜಮಾನರು ಹೇಳಿದಾಗ ಅಂಟಕ್ಕ ಹಾಡು ಕಟ್ಟಲು ಒಂದು ಮಧ್ಯಾಹ್ನವನ್ನೂ ತೆಗೆದುಕೊಳ್ಳಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂದಿತ್ತು.

ಕನ್ನಡಿ ಕೊಂಡರೂ ಬೀಳಿಸಪ್ಪ,
ಕುಂಬಳ ತಂದರೂ ಬೀಳಿಸಪ್ಪ,
ಅತ್ತೆ ಬಂದರೆ ಏಣಿಯ ಹತ್ತಿಸಿ
ಮೆಲ್ಲಗೆ ಕೆಳಗೆ ಬೀಳಿಸಪ್ಪ.

ಅಂಟು ವಿಭಾಗ ಬಿದ್ದು ಬಿದ್ದು ನಕ್ಕಿತು. ಯಜಮಾನರಿಗೆ ಮಾತ್ರ ದಿಗಿಲು. ಬೀಳಿಸಪ್ಪನನ್ನು ಕರೆಸಿ, ಬೇಸರವಾಗುವುದಾದರೆ ಬೇರೆ ಹಾಡು ಮಾಡಿಸುತ್ತೇನೆ ಎಂದರು. ಅವನು ಹಾಡನ್ನು ಪೂರ್ತಿ ಕೇಳಿದ. ನಗಲಿಲ್ಲ.

"ನನ್ನ ಪಾತ್ರ ಯಾರು ಮಾಡ್ತಾರೆ?" ಎಂದ.

"ಗೋಡೌನಿನ ಹುಡುಗನಿಗೆ ಮೀಸೆ ಅಂಟಿಸ್ತೀವಿ" ಎಂದಳು ಅಂಟಕ್ಕ.

"ನಿಮ್ಮ ಅಂಟಲ್ಲಿ ಆ ಮೀಸೆ ನಿಲ್ಲಲ್ಲ ಬಿಡಿ. ನಾನೇ ಮಾಡ್ತೀನಿ."

ಮರುದಿನ ಅಭ್ಯಾಸಕ್ಕೆಂದು ಅವನನ್ನು ಉದ್ದನೆಯ ಮೇಜಿಗೆ ಕರೆದರು. ಅವನು ಹಾಡಿಗೆ ತನ್ನದೊಂದು ನುಡಿ ಸೇರಿಸಿದ: ಬೈದರೆ ಬಯ್ಯಿರಿ, ಬೀಳಿಸುವೆ, ನೀವು ಬೀದಿಗೆ ಬೀಳದ ಹಾಗೆ ಇಲ್ಲೇ ಬೀಳಿಸುವೆ. ಅಂಟಕ್ಕ ಅದನ್ನು ಎರಡು ಸಲ ಹಾಡಿ ನೋಡಿ, "ಪರವಾಗಿಲ್ಲ, ತಲೇಲೂ ಏನೋ ಇದೆ" ಎಂದು ಅವನ ತಟ್ಟೆಗೆ ತನ್ನ ಪಲ್ಯ ಹಾಕಿದಳು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ತಲೆಯೆತ್ತದೆ ಹೇಳಿದಳು, "ಅವರೆಲ್ಲ ಸೇರ್ಕೊಂಡು ನಿಮ್ಮನ್ನ ಆಡ್ಕೋತಿದಾರೆ ಕಣ್ರೀ. ಅಷ್ಟೂ ತಿಳಿಯಲ್ವಾ?"

"ಆಡ್ಕೊಳ್ಳಲಿ ಬಿಡೇ. ಇಷ್ಟು ವರ್ಷ ಮಾತೇ ಆಡ್ತಿರ್ಲಿಲ್ಲ."

ಅವಳು ಯಂತ್ರ ನಿಲ್ಲಿಸಿದಳು. ಕಿಟಕಿಯಿಲ್ಲದ ಕೋಣೆಯ ಗಾಳಿಯ ವಿಷಯ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಉಳಿದಿದ್ದ ಕೆಂಪು ಬಟ್ಟೆಯ ತುಂಡಿನಲ್ಲಿ ಅವನಿಗೊಂದು ರಾಜನ ನಿಲುವಂಗಿ ಹೊಲಿದುಕೊಟ್ಟಳು.

ಆ ಭಾನುವಾರವೇ ಚಿತ್ರೀಕರಣ. ಸೋಮವಾರ ಹೋಗಬೇಕಾದ ಮಾಲನ್ನು ಅಂಟು ವಿಭಾಗ ಬೆಳಿಗ್ಗೆಯೇ ಬೇಗಬೇಗ ಮುಗಿಸಿ, ಮುಖ ತೊಳೆದು ಸಿದ್ಧವಾಯಿತು. ಕುಣಿಯಲು ವೇದಿಕೆ ಬೇಕೆಂದ ಕ್ಯಾಮೆರಾದವನು. ದಪ್ಪ ಹಲಗೆಗಳನ್ನು ತಂದು, ಇಟ್ಟಿಗೆಗಳ ಮೇಲೆ ಜೋಡಿಸಿ, ಚಿಟಿಕೆ ಹೊಡೆಯುವುದರಲ್ಲಿ ವೇದಿಕೆ ಕಟ್ಟಿದರು. ಅದರ ಮೇಲೆ ಬೀಳಿಸಪ್ಪ, ಕೆಂಪು ನಿಲುವಂಗಿ, ತಲೆಗೆ ರಟ್ಟಿನ ಕಿರೀಟ; ಸುತ್ತ ಹಾಡುತ್ತ ಕುಣಿಯುವ ಹೆಂಗಸರು. ಅವನ ಕುಣಿತ ಕುಣಿತದಂತೆ ಇರಲಿಲ್ಲ. ಲಾರಿಯಿಂದ ಚೀಲ ಇಳಿಸುವವನ ಹಾಗೆ ಸೊಂಟ ತಿರುಗಿಸುತ್ತಿದ್ದ. ಕ್ಯಾಮೆರಾದವನು ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದ. ಕೊನೆಯ ಸಾಲಿಗೆ ಬೀಳಿಸಪ್ಪ ಹೊಸ ಮಾಲಿನ ಪೆಟ್ಟಿಗೆಯೊಂದನ್ನು ತಲೆಯ ಮೇಲಿಂದ ಬಿಟ್ಟ. ಹಾಡಿನ ತಾಳಕ್ಕೆ ಸರಿಯಾಗಿ ಅದು ಧಪ್ಪೆಂದು ಬಿತ್ತು. ಎಲ್ಲ ಮುಗಿಯಿತೆಂದು ಹೆಂಗಸರು ಚಪ್ಪಾಳೆ ತಟ್ಟಿದರು. ಅಂಟಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ಇನ್ಮೇಲೆ ನಮ್ಮ ಮೇಜಲ್ಲೇ ಊಟ ಅಣ್ಣ, ಆ ಗುಹೆ ಬಿಡಿ" ಎಂದಳು.

ಅವನು ಅಭ್ಯಾಸಬಲದಿಂದ ಪೆಟ್ಟಿಗೆ ಎತ್ತಿ ನೋಡಿದ. ಪಕ್ಕದ ಅಂಟು ಬಿಟ್ಟಿತ್ತು.

ಇನ್ನೊಂದನ್ನು ಎತ್ತಿಕೊಂಡು ಬೀಳಿಸಿದ. ಅದೂ ಬಿಟ್ಟಿತು. ಮತ್ತೊಂದೂ ಹಾಗೆಯೇ. ನಗು ಒಂದೊಂದಾಗಿ ನಿಂತಿತು. ಅವನು ಬಗ್ಗಿ ತನ್ನ ಕಾಲ ಕೆಳಗಿನ ಹಲಗೆಯನ್ನು ನೋಡಿದ, ಅಂಟಕ್ಕನೂ ನೋಡಿದಳು. ಗೋಂದು ಹಚ್ಚಿ ಮಡಿಸಿದ ಪೆಟ್ಟಿಗೆಗಳ ಅಟ್ಟಿಯ ಮೇಲೆ ಒಣಗುವ ತನಕ ಭಾರಕ್ಕೆ ಹೇರುವ ಹಲಗೆಗಳೂ ಇಟ್ಟಿಗೆಗಳೂ ಅವೇ. ವೇದಿಕೆಗೆಂದು ಹಸಿ ಅಂಟಿನ ಮೇಲಿಂದಲೇ ಎತ್ತಿಕೊಂಡು ಬಂದಿದ್ದರು. ಇಷ್ಟು ಹೊತ್ತು ಎಲ್ಲರೂ ಅವುಗಳ ಮೇಲೇ ಕುಣಿದಿದ್ದರು.

ಆ ಗಳಿಗೆಯಲ್ಲಿ ಅವನ ಕೈಯಲ್ಲಿದ್ದದ್ದು ಒಡಕು ಪೆಟ್ಟಿಗೆ ಮಾತ್ರ ಅಲ್ಲ. ಈಗ ತಾನೇ ಸಿಕ್ಕಿದ ಊಟದ ಮೇಜಿನ ಜಾಗವೂ ಅಲ್ಲೇ ಇತ್ತು.

"ಇವತ್ತೊಂದಿನ ಕಂಡೂ ಕಾಣದ ಹಾಗೆ ಇರೋಕಾಗಲ್ವಾ ಅಣ್ಣ?" ಅಂಟಕ್ಕ ಮೆಲ್ಲಗೆ ಕೇಳಿದಳು. "ಬೆಳಗಿಂದ ನಿಂತಿದೀವಿ. ಕಾಲು ಬಿದ್ದುಹೋಗಿದೆ."

ಅವನು ಕಿರೀಟವನ್ನು ನೇರ ಮಾಡಿಕೊಂಡ.

"ಆಗಲ್ಲ ಅಕ್ಕ. ಈ ಹಾಡು ಊರೆಲ್ಲ ನೋಡುತ್ತೆ ಅಂತೀರಿ. ನಾಳೆ ಪೆಟ್ಟಿಗೆ ದಾರೀಲಿ ಬಾಯಿ ಬಿಟ್ರೆ ಜನ ನಗೋದು ನನ್ನ ಕುಣಿತ ನೋಡಿ ಅಲ್ಲ. ಮಾಲು ವಾಪಸ್ಸು."

ಅಂಟಕ್ಕ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹಂಡೆಯ ಕೆಳಗೆ ಉರಿ ಹಚ್ಚಿದಳು. "ನಿಮಗೆ ಒಂದು ಹಾಡು ಸಾಲಲ್ಲ. ಇನ್ನೊಂದು ಕಟ್ತೀನಿ, ತಾಳಿ. ಅದರಲ್ಲಿ ಮರ್ಯಾದೆ ಅನ್ನೋದೇ ಇರಲ್ಲ."

"ಕಟ್ಟಿ. ಅದಕ್ಕೂ ನಾನೇ ಕುಣೀತೀನಿ."

ಯಾರೋ ಕಿಸಕ್ಕೆಂದರು. ಬೀಳಿಸಪ್ಪ ನಿಲುವಂಗಿಯ ತೋಳು ಮಡಚಿ, ಅವರ ಜೊತೆಗೇ ಗೋಂದು ಹಚ್ಚಲು ಕೂತ. ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೈಸಿಕೊಂಡು ಕಲಿತ. ಹೊರಗೆ ಬೆಳಕು ಇಳಿಯುವ ಹೊತ್ತಿಗೆ ಅಟ್ಟಿ ಎದ್ದಿತು, ಹಲಗೆಗಳು ಮೇಲೇರಿದವು. ಆದರೆ ಇಟ್ಟಿಗೆಗಳಲ್ಲಿ ಅರ್ಧದಷ್ಟು ಕುಣಿತಕ್ಕೆ ಪುಡಿಯಾಗಿದ್ದವು. ಭಾರ ಸಾಲದು.

"ಇಷ್ಟು ಜನ ಇದೀವಲ್ಲ" ಎಂದಳು ಅಂಟಕ್ಕ, ಹಲಗೆಯ ಮೇಲೆ ಹತ್ತಿ ಕೂರುತ್ತ. ಒಬ್ಬೊಬ್ಬರಾಗಿ ಉಳಿದವರೂ ಹತ್ತಿದರು. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿ, ಹಲಗೆ ತಟ್ಟಿದಳು. "ಬನ್ನಿ ಅಣ್ಣ. ನಿಮ್ಮ ಭಾರಾನೂ ಬೀಳ್ಲಿ."

ಬೀಳಿಸಪ್ಪ ಹತ್ತಿ ಅವರ ನಡುವೆ ಕೂತ. ಅಂಟು ಒಣಗುವ ತನಕ ಯಾರೂ ಅಲುಗಾಡಕೂಡದು ಎಂದು ಎಲ್ಲರನ್ನೂ ಗದರಿಸುತ್ತ, ಅವರು ಕೊಟ್ಟದ್ದನ್ನು ತಿನ್ನುತ್ತ, ಕಿರೀಟ ಹಾಕಿಕೊಂಡೇ ಕೂತಿದ್ದ.