ಒಂಬತ್ತನೇ ಪುಟದಲ್ಲೊಂದು ಹೆಚ್ಚಿನ ಸಾಲು

ಆಡಿದ ಮಾತನ್ನು ಆಡಿದ ಹಾಗೇ ಬರೆದಿಡುವುದು ಸುಲಭ ಅಂದುಕೊಂಡವರು ಅಣ್ಣಾ ನಗರದ ಭೋಜರಾಜನ ಪಕ್ಕ ಒಂದು ಗಂಟೆ ಕೂತು ನೋಡಬೇಕು. ಕಿವಿಗೆ ಹೆಡ್‌ಫೋನು, ಎದುರಿಗೆ ಮಗನ ಹಳೇ ಲ್ಯಾಪ್‌ಟಾಪು. ಐದು ಮಾತಿಗೊಮ್ಮೆ ಧ್ವನಿ ನಿಲ್ಲಿಸುತ್ತಾನೆ, ಹಿಂದಕ್ಕೆ ಓಡಿಸುತ್ತಾನೆ, ಮತ್ತೆ ಕೇಳುತ್ತಾನೆ. ಒಂದು ಗಂಟೆಯ ಮಾತಿಗೆ ಅವನಿಗೆ ಏಳು ಗಂಟೆ ಬೇಕು. ವಿಮಾ ಕಂಪನಿಯಲ್ಲಿ ಮೂವತ್ತೈದು ವರ್ಷ ಕಡತ ಮಗುಚಿ ನಿವೃತ್ತನಾದವನು ಅರವತ್ತಾರನೇ ವಯಸ್ಸಿಗೆ ಊರವರ ಮಾತಿಗೆ ಕಿವಿ ಒಡ್ಡಿ ಕೂತದ್ದು ಕಂಡು ಹೆಂಡತಿಗೆ ನಗು. "ನಾನ್ ಹೇಳಿದ್ದು ಒಂದ್ ಸಲಕ್ಕೂ ಕೇಳ್ಸಲ್ಲ, ಯಾರ್ಯಾರ್ದೋ ಮಾತ್ನ ಏಳ್ ಸಲ ಕೇಳ್ತಾರೆ," ಅನ್ನುತ್ತಾಳೆ.

ಕೆಲಸ ಕೊಟ್ಟವಳು ಶ್ರೀಯಾ. ಮೈಸೂರಿನ ಹುಡುಗಿ, ಇಲ್ಲಿ ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಚೆನ್ನೈಯಲ್ಲಿ ನೆಲೆನಿಂತ ಕನ್ನಡದ ಮನೆಗಳಲ್ಲಿ ಯಾರಿಗೆ ಯಾರಿದ್ದಾರೆ ಅನ್ನುವುದೇ ಅವಳ ವಿಷಯ. ಜಗಲಿ ಮೇಲೆ ಕೂತ ಮುದುಕಿಯರು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಡಾಕ್ಟರೇಟು ಕೊಡುತ್ತಾರಲ್ಲ ಅಂತ ಭೋಜರಾಜ ಮೊದಮೊದಲು ತಮಾಷೆ ಮಾಡಿದ್ದ. ಅವಳು ಸಿಟ್ಟಾಗಲಿಲ್ಲ. "ಸಮಾಜ ಅನ್ನೋದು ಮನೆ ಒಳಗೂ ಇಲ್ಲ, ಮನುಷ್ಯರ ಒಳಗೂ ಇಲ್ಲ ಸಾರ್. ಇಬ್ಬರ ನಡುವೆ ಇರುತ್ತೆ. ಕಣ್ಣಿಗೆ ಕಾಣಲ್ಲ. ಜನ ಮಾತಾಡುವಾಗ ಎಲ್ಲಿ ತಡವರಿಸ್ತಾರೋ ಅಲ್ಲಿ ಸ್ವಲ್ಪ ಕೇಳುತ್ತೆ," ಅಂದಳು.

ಅದಕ್ಕೇ ನಿಯಮ ಬಿಗಿ. "ಹೂಂ" ಅಂದರೆ "ಹೂಂ" ಅಂತಲೇ ಬರೆಯಬೇಕು. ನಕ್ಕರೆ ನಗು ಅಂತ, ಮೂರು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಎಷ್ಟು ಸೆಕೆಂಡು ಅಂತ ಬರೆಯಬೇಕು. ಆಡಿದ್ದು ಬಿಟ್ಟುಹೋಗಬಾರದು, ಆಡದ್ದು ಸೇರಬಾರದು. ಮಾತಾಡಿದವರ ಹೆಸರು ಫೈಲಿನಲ್ಲಿ ಇರುವುದಿಲ್ಲ, ಬರೀ ಸಂಖ್ಯೆ. ಅಕಸ್ಮಾತ್ ಧ್ವನಿಯ ಗುರುತು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ ಫೈಲು ಹಿಂದಿರುಗಿಸಬೇಕು. ಹೀಗಂತ ಅವನಿಂದ ಸಹಿ ಹಾಕಿಸಿಕೊಂಡಿದ್ದಳು. ಹದಿನಾರು ಫೈಲು ಒಂದು ಅಕ್ಷರ ಆಚೀಚೆ ಆಗದಂತೆ ಮುಗಿಸಿಕೊಟ್ಟ.

ಹದಿನೇಳನೆಯದನ್ನು ಒಂದು ಸೋಮವಾರ ಬೆಳಿಗ್ಗೆ ತೆರೆದ. ಮೊದಲು ಫ್ಯಾನಿನ ಸದ್ದು, ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ ಒಂದು ಹೆಂಗಸಿನ ದನಿ: "ಹೂಂ, ಕೇಳಮ್ಮ. ಫ್ಯಾನ್ ಸತ್ತಂ ಜಾಸ್ತಿ ಆಯ್ತಾ? ಆರಿಸ್ಬುಡ್ಲಾ?"

ಅವನ ತಂಗಿ ನಾಗಮಣಿ. ಹದಿನಾಲ್ಕು ವರ್ಷದಿಂದ ಅವನ ಜೊತೆ ಮಾತು ಬಿಟ್ಟ ತಂಗಿ.

ಜಗಳ ಆಸ್ತಿಯದಲ್ಲ, ಒಡವೆಯದೂ ಅಲ್ಲ. ಅಣ್ಣ ತಂಗಿ ಇಬ್ಬರೂ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಪ್ಪ ಕೊಳ್ಳೇಗಾಲದ ಕಡೆಯಿಂದ ಬಂದು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದ. ಅಪ್ಪ ಹೋದ ಮೇಲೆ ಅಮ್ಮ ಮಗನ ಮನೆಯಲ್ಲಿದ್ದಳು, ಮಗಳು ಪೋರೂರಿನಲ್ಲಿ. ನಾಗಮಣಿ ತನ್ನ ಮಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದ ವಾರದಲ್ಲೇ ಅಮ್ಮ ಹಾಸಿಗೆ ಹಿಡಿದಳು, ಉಳಿಯುವ ಹಾಗಿರಲಿಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಸೂತಕ. ಕನ್ಯಾದಾನಕ್ಕೆ ಕೂರಬೇಕಾದ ತಾಯಿಯೇ ಹೊರಗಾಗುತ್ತಾಳೆ. ಅದಕ್ಕೆ ನಮ್ಮ ಜನ ಮುಹೂರ್ತ ಮುಗಿಯುವ ತನಕ ಸುದ್ದಿಯನ್ನು ಬಚ್ಚಿಡುತ್ತಾರೆ. ಹಿರಿಯರೆಲ್ಲ ಹಾಗೇ ಮಾಡು ಅಂದರು. ಭೋಜರಾಜ ಫೋನಿನಲ್ಲಿ "ಅಮ್ಮಂಗೆ ಸ್ವಲ್ಪ ಜ್ವರ, ಅದಕ್ಕೇ ನಾವ್ ಬರಕಾಗ್ಲಿಲ್ಲ" ಅಂದ. ಮದುವೆಯ ಹಿಂದಿನ ದಿನ ಅಮ್ಮ ಹೋದಳು. ಆಗಲೂ "ಜ್ವರ" ಅಂದ. ನಾಗಮಣಿ ಬಂದಾಗ ಕಾಸಿಮೇಡಿನಾಚೆ ಸಮುದ್ರಕ್ಕೆ ಬೂದಿ ಬಿಟ್ಟು ಒಂದು ದಿನವಾಗಿತ್ತು. "ನನ್ ತಾಯ್ನ ನನ್ನಿಂದ ಕದ್ಬುಟ್ಟೆ," ಅಂದವಳು ಮತ್ತೆ ಅವನ ಮನೆಯ ಮೆಟ್ಟಿಲು ತುಳಿಯಲಿಲ್ಲ. ಒಂದು ಸಲ ಅವನೇ ಹೋದ. ಗ್ರಿಲ್ಲಿನ ಒಳಗೆ ನಿಂತು ಅವನನ್ನು ನೋಡಿ, ಒಂದು ಮಾತೂ ಆಡದೆ ಒಳಗೆ ಹೋದಳು. ಎರಡನೇ ಸಲ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಪೋರೂರು ಒಂದು ಬಸ್ಸಿನ ದಾರಿ. ಆಮೇಲೆ ಆ ಬಸ್ಸನ್ನು ಅವನು ನೂರಾರು ಸಲ ನೋಡಿದ್ದಾನೆ, ಹತ್ತಿಲ್ಲ.

ಫೈಲನ್ನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ತಪ್ಪು ಅಂತ ಗೊತ್ತಿದ್ದೇ ಮಾಡಿದ ತಪ್ಪು ಅದು, ಅವನ ಪರವಾಗಿ ನಾನೇನೂ ವಕಾಲತ್ತು ವಹಿಸುವುದಿಲ್ಲ. ಅವನಿಗೆ ತಂಗಿ ಬೇಕಾಗಿದ್ದಳು, ಅಷ್ಟೇ. ಅವಳು ಕೆಮ್ಮಿದ್ದು, ನೀರು ಕುಡಿದದ್ದು, ಬೀದಿಯ ಹೂವಿನವಳಿಗೆ ಆಮೇಲೆ ಬಾ ಅನ್ನುವುದಕ್ಕೆ "ಅಪ್ಪುರಂ ವಾಮ್ಮಾ" ಅಂದದ್ದು, ಎಲ್ಲಾ ಮತ್ತೆ ಮತ್ತೆ ಕೇಳಿದ. ದನಿಗೆ ವಯಸ್ಸಾಗಿದೆ ಅಂತ ಅವನಿಗೆ ಸಂಕಟವಾಯಿತು. ಏಳು ಗಂಟೆಯ ಕೆಲಸ ಹನ್ನೆರಡು ದಿನ ಹಿಡಿಯಿತು. ಮೊಮ್ಮಗಳು ಅನ್ವಿತಾ "ತಾತಾ, ಯಾರ್ ಅದು? ಏನ್ ಅಳರೀಂಗ?" ಅಂತ ಅವನ ಅಳು ಕಂಡು ಅರ್ಧ ತಮಿಳಲ್ಲಿ ಕೇಳಿದರೆ ಕಣ್ಣಿಗೆ ಧೂಳು ಅಂದ.

ಶ್ರೀಯಾಳದು ಒಂದು ಪದ್ಧತಿಯಿದೆ. ಹಾಳೆಯ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದು, ನಡುವೆ ನೀವಿದ್ದೀರಿ, ನಿಮ್ಮವರನ್ನು ಹತ್ತಿರ ದೂರ ನೋಡಿ ಚುಕ್ಕಿ ಇಡಿ ಅನ್ನುತ್ತಾಳೆ. ಪೆನ್ಸಿಲ್ಲಿನ ಸದ್ದು ಕೇಳಿಸಿತು. ನಾಗಮಣಿ ಒಬ್ಬೊಬ್ಬರನ್ನೇ ಹೇಳುತ್ತಾ ಹೋದಳು: ಮಗಳು, ಅಳಿಯ, ಪಕ್ಕದ ಮನೆಯವರು. ಆಮೇಲೆ ಶ್ರೀಯಾಳ ದನಿ: "ಒಂದು ಚುಕ್ಕಿ ಎಲ್ಲಾ ವೃತ್ತದಿಂದ ಹೊರಗೆ ಇಟ್ರಲ್ಲಾ ಆಂಟಿ. ಇದಕ್ಕೆ ಹೆಸರಿಲ್ವಾ?"

ಮೌನ, ಒಂಬತ್ತು ಸೆಕೆಂಡು, ಅಂತ ಬರೆದ ಭೋಜರಾಜ.

"ಐತೆ. ಬರ್ಯಲ್ಲ," ಅಂದಳು ನಾಗಮಣಿ.

ಅವನು ಹೆಡ್‌ಫೋನು ತೆಗೆದಿಟ್ಟು ಬಾಲ್ಕನಿಗೆ ಹೋಗಿ ನಿಂತ. ಹೊರಗಾದರೂ ಸರಿ, ಹಾಳೆಯ ಮೇಲಂತೂ ಇದ್ದೇನೆ ಅನ್ನುವ ಆಸೆ ಅವನನ್ನು ಹಿಂಡಿತು. ಅದು ತಾನೇ ಅಂತ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ.

ಅದೇ ಮನಸ್ಸಿನಲ್ಲಿ ಒಂಬತ್ತನೇ ಪುಟ ಬರೆದ. ನಾಗಮಣಿ ಚಿಕ್ಕಂದಿನ ಮಾತಿಗೆ ಹೊರಳಿದ್ದಳು. "ಅಪ್ಪ ಡ್ಯೂಟಿಯಿಂದ ಬರೋದು ಯಾವತ್ತೂ ಲೇಟು. ಅಮ್ಮ ಸಾರಿನ ಪಾತ್ರೆ ಮುಚ್ಚಿಟ್ಟು ಅದ್ರ ಜೊತೆ ಮಾತಾಡೋಳು. 'ಮುಚ್ಕೊಂಡಿರವ್ವಾ' ಅಂತ..." ಅಷ್ಟಕ್ಕೆ ನಿಲ್ಲಿಸಿ, ಸೊರ್ರನೆ ಮೂಗೆಳೆದು, ಬೇರೆ ಮಾತಿಗೆ ಹೋದಳು.

ಫೈಲು ಮುಗಿಯಿತು, ಕಳಿಸಿದ. ಶ್ರೀಯಾ ಮೆಚ್ಚಿ ಉತ್ತರ ಬರೆದಳು. ಅವಳ ಪದ್ಧತಿಯಲ್ಲಿ ಕೊನೆಯ ಹಂತವೊಂದಿದೆ: ಬರೆದದ್ದನ್ನು ಮಾತಾಡಿದವರ ಕೈಗೇ ಓದಲು ಕೊಡುವುದು. ಬೇಡವಾದ ಸಾಲನ್ನು ಅವರು ಹೊಡೆದುಹಾಕಬಹುದು, ಬೇಕಿದ್ದರೆ ಇಡೀ ಸಂದರ್ಶನವನ್ನೇ ವಾಪಸು ಕೇಳಬಹುದು. ತನ್ನ ಬೆರಳು ಒತ್ತಿದ ಅಕ್ಷರಗಳನ್ನು ತಂಗಿ ಓದುತ್ತಾಳೆ ಅನ್ನುವುದೊಂದೇ ಭೋಜರಾಜನಿಗೆ ಆ ವಾರದ ಊಟ, ನಿದ್ದೆ ಎಲ್ಲಾ.

ಶನಿವಾರ ಮಧ್ಯಾಹ್ನ ಶ್ರೀಯಾ ಮನೆಗೇ ಬಂದಳು. ಕಾಫಿ ಬೇಡ ಅಂದಳು. ಅದರಲ್ಲೇ ಅವನಿಗೆ ಅರ್ಧ ಅರ್ಥವಾಯಿತು.

"ಒಂಬತ್ತನೇ ಪುಟ ನೋಡಿ ಸಾರ್. 'ಮುಚ್ಕೊಂಡಿರವ್ವಾ, ರೈಲು ಅರಕ್ಕೋಣಂ ಬಿಟ್ಟೈತೆ, ಬಂದ್ಬುಡ್ತಾರೆ' ಅಂತ ಇದೆ. ಧ್ವನಿ ನಾಲ್ಕು ಸಲ ಕೇಳಿದೆ. ಅವರು ಹೇಳಿರೋದು ಮೊದಲನೇ ಪದ ಮಾತ್ರ. ಉಳಿದದ್ದು ಎಲ್ಲಿಂದ ಬಂತು?"

ಭೋಜರಾಜ ಪುಟ ನೋಡಿದ. ಅದನ್ನು ಬರೆದದ್ದೇ ಅವನಿಗೆ ಗೊತ್ತಿರಲಿಲ್ಲ. ಪೆರಂಬೂರಿನ ಆ ಅಡುಗೆಮನೆಯಲ್ಲಿ ಹಸಿದು ಕೂತ ಇಬ್ಬರು ಮಕ್ಕಳು ದಿನಾ ಕೇಳಿದ ಮಾತು. ಒಬ್ಬಳು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬನ ಬೆರಳು ತಾನಾಗಿ ಮುಗಿಸಿತ್ತು. ಹದಿನಾರು ಫೈಲಿನಲ್ಲಿ ಆಗದ ತಪ್ಪು ಹದಿನೇಳರಲ್ಲಿ ಆಗಿತ್ತು.

"ನನ್ ತಂಗಿ," ಅಂದ.

ಶ್ರೀಯಾ ಪುಟಗಳನ್ನು ಮುಚ್ಚಿದಳು. ಆಮೇಲೆ ನಡೆದದ್ದನ್ನು ಹೇಳಿದಳು. ನಾಗಮಣಿ ಎಂಟು ಪುಟ ಅಲ್ಲಲ್ಲಿ ನಗುತ್ತಾ ಓದಿದ್ದಳಂತೆ. ಒಂಬತ್ತಕ್ಕೆ ಬಂದು ಕನ್ನಡಕ ತೆಗೆದಳಂತೆ. ಇದನ್ನ ನಾನ್ ಹೇಳ್ನಾ, ಬರೆದೋರ್ ಯಾರು ಅಂತ ಕೇಳಿದಳಂತೆ. ಹೇಳುವ ಹಾಗಿಲ್ಲ ಅಂದದ್ದಕ್ಕೆ, "ಹೇಳ್ಬ್ಯಾಡ ಬಿಡು, ಗೊತ್ತಾಯ್ತು," ಅಂದು ಇಡೀ ಸಂದರ್ಶನ ಅಳಿಸಲು ಹೇಳಿದಳಂತೆ.

"ಇನ್ನೊಂದು ಮಾತಂದ್ರು. ನನಗೆ ಆಗ ತಲೆಬುಡ ತಿಳೀಲಿಲ್ಲ. 'ನನ್ ಮಾತು ಬೇಕು ಅನ್ನೋರು ಕದ್ದು ಕೇಳೋದ್ ಬ್ಯಾಡ, ಬಾಗ್ಲಿಗ್ ಬಂದು ಕೇಳ್ಲಿ' ಅಂದ್ರು." ಹೇಳಬಾರದ್ದು ಹೇಳಿದೆನೋ ಎಂಬಂತೆ ಶ್ರೀಯಾ ತುಟಿ ಕಚ್ಚಿಕೊಂಡಳು. ಇನ್ನು ಮುಂದೆ ಈ ಕೆಲಸ ಕೊಡಲಾಗುವುದಿಲ್ಲ ಅಂತಲೂ ಮೆಲ್ಲಗೆ ತಿಳಿಸಿದಳು. ಭೋಜರಾಜ ತಲೆಯಾಡಿಸಿದ. ಅವಳ ಕಣ್ಣೆದುರಿಗೇ ಫೈಲು ಅಳಿಸಿದ. ಹನ್ನೆರಡು ದಿನ ಮನೆಯೊಳಗಿದ್ದ ತಂಗಿ ಒಂದು ಗುಂಡಿ ಒತ್ತಿದ್ದಕ್ಕೆ ಇಲ್ಲವಾದಳು.

ಶ್ರೀಯಾ ಹೋದ ಮೇಲೆ ಅಂಗಿ ಬದಲಾಯಿಸಿದ. ಎಲ್ಲಿಗೆ ಅಂದ ಹೆಂಡತಿಗೆ "ಪೋರೂರು" ಅಂದ. ಹೆಂಡತಿ ಬಸ್ಸಿಗೆ ಚಿಲ್ಲರೆ ತಂದುಕೊಟ್ಟಳು.

ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳಲು ನೋಡಿದ. ಹಿರಿಯರು ಹೇಳಿದರು, ಮದುವೆ ನಿಲ್ಲಬಾರದಿತ್ತು, ನಿನ್ನ ಒಳ್ಳೇದಕ್ಕೇ ಅಂದೆ. ಯಾವುದೂ ತಂಗಿಯ ಎದುರು ನಿಲ್ಲುವ ಮಾತಲ್ಲ ಅಂತ ಅವನಿಗೇ ಗೊತ್ತಾಗುತ್ತಿತ್ತು. ಕೆರೆಯ ಹತ್ತಿರದ ಬೀದಿಯಲ್ಲಿ ಮೂರನೇ ಮನೆ. ಬೆಲ್ಲು ಒತ್ತಿದ.

ನಾಗಮಣಿ ಬಂದಳು. ಕೂದಲೆಲ್ಲಾ ಬೆಳ್ಳಗಾಗಿತ್ತು, ಥೇಟು ಅಮ್ಮನ ಹಾಗೆ ಕಂಡಳು. ಗ್ರಿಲ್ಲಿನ ಚಿಲಕದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಭೋಜರಾಜ ಬಾಯಿ ತೆರೆದ, ಅಷ್ಟರಲ್ಲಿ ಅವಳೇ ಕೇಳಿದಳು. ಹದಿನಾಲ್ಕು ವರ್ಷ ಅವನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಇದನ್ನು ಕೇಳಿಬಿಡುತ್ತಾಳೆ ಅನ್ನುವ ಹೆದರಿಕೆಗೇ ಅವನು ಇಷ್ಟು ವರ್ಷ ಮತ್ತೆ ಆ ಬಸ್ಸು ಹತ್ತಿರಲಿಲ್ಲ.

"ಕೊನೇಲಿ ಅಮ್ಮ ನನ್ನ ಕೇಳಿದ್ಳಾ?"

ಇಲ್ಲ, ಪ್ರಜ್ಞೆ ಇರಲಿಲ್ಲ ಅನ್ನಬಹುದಿತ್ತು. ಹಾಗಂದರೆ ಅವಳಿಗೂ ಹಗುರ, ಇವನಿಗೂ ಹಗುರ.

"ಕೇಳಿದ್ಳು ನಾಗೂ," ಅಂದ. "ಎರಡ್ ದಿವ್ಸ ನಿನ್ನೊಬ್ಳನ್ನೇ ಕೇಳಿದ್ಳು. ನಾಳೆ ಬತ್ತಾಳೆ, ನಾಳೆ ಬತ್ತಾಳೆ ಅಂತ ಅವ್ಳಿಗೂ ಸುಳ್ಳೇ ಹೇಳ್ದೆ."

ನಾಗಮಣಿ ಗ್ರಿಲ್ಲಿಗೆ ಹಣೆಯಿಟ್ಟು ಅತ್ತಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಭೋಜರಾಜ ಚಪ್ಪಲಿ ಬಿಟ್ಟು ಅಲ್ಲೇ ಹೊರಗಿನ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, ಅತ್ತು ಕಟ್ಟಿದ ದನಿಯಲ್ಲಿ, ಅವಳು ಅಂದಳು: "ಹೆಂಗ್ ಕೇಳಿದ್ಳು ಹೇಳು. ಒಂದೂ ಬಿಡ್ದಂಗೆ ಹೇಳು."