ತಿಪ್ಪೆಯಿಂದ ತನಿಖೆ ಕಲಿಸಿದ ಸುರೇಖಾ ಮೇಡಂ

ಅಪರಾಧಶಾಸ್ತ್ರವೆಂಬ ವಿಷಯವನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಮೂರು ದಶಕಗಳ ಕಾಲ ಬೋಧಿಸಿ, ಈ ಜೂನ್ ಕೊನೆಗೆ ಸೇವೆಯಿಂದ ನಿವೃತ್ತರಾದ ಪ್ರೊ. ಸುರೇಖಾ ಅಗರಖೇಡ ಅವರ ಕುರಿತು ಬರೆಯಲು ನನಗಿಂತ ಅರ್ಹರಾದವರು ಈ ಸಂಪುಟದಲ್ಲಿ ಬಹಳ ಜನರಿದ್ದಾರೆ. ಅವರ ಸಂಶೋಧನೆಯನ್ನು ಬಲ್ಲವರು ಅದನ್ನು ಬರೆದಿದ್ದಾರೆ. ನಾನು ಅವರ ಪ್ರಯೋಗಾಲಯದ ಸಹಾಯಕ. ಶಾಲೆಯ ಓದು ನನಗೆ ಮೆಟ್ರಿಕ್‌ಗೇ ನಿಂತಿತು. ಮುಂದಿನದೆಲ್ಲ ಬೆರಳಚ್ಚಿನ ಪುಡಿಯ ಡಬ್ಬಿ ಹಿಡಿದುಕೊಂಡು ಮೇಡಂ ಅವರ ಪಾಠದ ಹಿಂದೆ ನಿಂತು ಕೇಳಿದ್ದು. ಆದ್ದರಿಂದ ನಾನು ಕಂಡದ್ದನ್ನು, ಹೆಚ್ಚಾಗಿ ಕೇಳಿದ್ದನ್ನು, ಬರೆಯುತ್ತೇನೆ. ಮಾತು ಸ್ವಲ್ಪ ಉದ್ದವಾದರೆ ಸಂಪಾದಕರು ಕ್ಷಮಿಸಬೇಕು, ನನ್ನ ಮನೆಯವರು ಕ್ಷಮಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ ನಮ್ಮ ವಿಭಾಗದ ಮೇಜಿನ ಮುಂದೆ ಬಂದು ನಿಂತ ತಂದೆತಾಯಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದನ್ನ ಓದಿದ್ರ ಪೊಲೀಸ್ ಆಗ್ತಾರೇನ್ರಿ?" ಮೇಡಂ ಅವರು ಕೊಡುತ್ತಿದ್ದ ಉತ್ತರವೂ ಒಂದೇ: "ಇದಕ್ಕಂತ ಆಗೂದಿಲ್ರಿ. ಪೇದೆ ಆಗಾಕ ಪಿಯುಸಿ ಸಾಕು. ಪಿ.ಎಸ್.ಐ. ಆಗಾಕ ಯಾವ ಡಿಗ್ರಿ ಇದ್ರೂ ನಡೀತೈತಿ. ನಮ್ಮ ಡಿಗ್ರಿಗಿ ಒಂದ್ ಮಾರ್ಕ್ಸೂ ಜಾಸ್ತಿ ಕೊಡೂದಿಲ್ಲ." ಹೀಗೆ ಹೇಳಿದ ಮೇಲೆ ಅರ್ಧ ಜನ ಪಕ್ಕದ ವಿಭಾಗದ ಮೇಜಿಗೆ ಸರಿಯುತ್ತಿದ್ದರು. ಪಕ್ಕದ ಮೇಜಿನವರು ನಮಗೆ ಸಂತೆಯ ದಿನ ಚಹಾ ಕುಡಿಸುತ್ತಿದ್ದದ್ದು ಇದೇ ಉಪಕಾರಕ್ಕೆ. ವರ್ಷದಿಂದ ವರ್ಷಕ್ಕೆ ಪ್ರವೇಶ ಇಳಿಯಿತು. ಕೊನೆಗೆ ಹೋದ ವರ್ಷ ಆಡಳಿತ ಮಂಡಳಿ ಖಡಾಖಂಡಿತವಾಗಿ ತಿಳಿಸಿತು: ಮುಂದಿನ ಸಲ ತರಗತಿ ತುಂಬದಿದ್ದರೆ ಮೇಡಂ ಅವರ ನಿವೃತ್ತಿಯ ಜೊತೆಗೇ ವಿಭಾಗವನ್ನೂ ಮುಚ್ಚಲಾಗುವುದು. ತಾವು ಕಟ್ಟಿದ ವಿಭಾಗದ ಬಾಗಿಲನ್ನು ತಮ್ಮ ಕೈಯಿಂದಲೇ ಹಾಕಿಕೊಂಡು ಹೋಗುವ ದಿನ ಅವರ ಎದುರಿಗೆ ಬಂದು ನಿಂತಿತ್ತು. ಅದು ಹೇಗೆ ತಪ್ಪಿತು ಎಂಬುದನ್ನು ಹೇಳುವ ಮೊದಲು ಅವರು ಏನನ್ನು ಕಟ್ಟಿದರು ಎಂಬುದನ್ನು ಹೇಳಬೇಕು.

ಇಂಡಿ ತಾಲೂಕಿನ ಅಗರಖೇಡದಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಸಿಂದಗಿಯ ನಮ್ಮ ಕಾಲೇಜಿಗೆ ಅವರು ಬಂದಾಗ ವಿಭಾಗವೆಂದರೆ ಒಂದು ಕೋಣೆ, ಒಂದು ಕಪಾಟು, ನಾನು. ಮೊದಲ ವರ್ಷವೇ ಮೇಡಂ ಅವರು ವಿದ್ಯಾರ್ಥಿಗಳಿಗಾಗಿ ಒಂದು ಸುಳ್ಳು ಕಳವನ್ನು ಹೂಡಿದರು. ಕೋಣೆಯಲ್ಲಿ ಕಪಾಟು ತೆರೆದು, ಹೆಜ್ಜೆಗುರುತು ಮೂಡಿಸಿ, ಗಾಜಿನ ಚೂರು ಚೆಲ್ಲಿ, "ನಾಳೆ ಮುಂಜಾನೆ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದು ನಿಮ್ಮ ಪಂಚನಾಮೆ ನೋಡ್ತಾರ" ಎಂದು ಹೇಳಿ ಹೋದರು. ಮರುದಿನ ಬಂದು ನೋಡಿದರೆ ನಮ್ಮ ಹುಡುಗಿಯರು ಕೋಣೆಯನ್ನು ಗುಡಿಸಿ, ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿ, ಸಾಹೇಬರಿಗೆಂದು ಜಮಖಾನೆ ಹಾಸಿದ್ದರು. ಗಾಜಿನ ಚೂರನ್ನು ಯಾರ ಕಾಲಿಗೂ ಚುಚ್ಚದಂತೆ ದೂರ ಒಯ್ದು ಚೆಲ್ಲಿ ಬಂದಿದ್ದರು.

"ಯಾರವಾ ಇದನ್ನ ಗುಡಿಸಿದಾಕಿ?" ಎಂದು ಮೇಡಂ ಕೇಳಿದರು.

"ಸಾಹೇಬ್ರು ಬರ್ತಾರಂದ್ರ ಕಸಾ ಹೊಡೀಲಾರದ ಹೆಂಗ ಬಿಡೂದ್ರಿ ಮೇಡಂ?" ಎಂದು ಒಬ್ಬಳು ಮುಖ ಸಣ್ಣದು ಮಾಡಿ ಹೇಳಿದಳು.

ಬೇರೆ ಯಾರಾದರೂ ಆಗಿದ್ದರೆ ಬೈದು, ಪುಸ್ತಕದಲ್ಲಿ ಬರೆದಂತೆ ಸ್ಥಳವನ್ನು ಮುಟ್ಟಬಾರದೆಂಬ ನಿಯಮವನ್ನು ನೂರು ಸಲ ಬರೆಸುತ್ತಿದ್ದರು. ಮೇಡಂ ಅವರು ಜಮಖಾನೆಯ ಮೇಲೆ ತಾವೇ ಕುಳಿತು ಬಹಳ ಹೊತ್ತು ನಕ್ಕರು. ಆ ಜಮಖಾನೆಯ ಮೇಲೆಯೇ ಅವರ ಜೀವಮಾನದ ಕೆಲಸ ಶುರುವಾಯಿತೆಂದು ನಾನು ತಿಳಿದಿದ್ದೇನೆ. ನಮ್ಮ ಕಡೆ ಮನೆಗೆ ದೊಡ್ಡವರು ಬರುತ್ತಾರೆಂದರೆ, ಅವರು ಸಂಬಂಧ ನೋಡಲು ಬರಲಿ, ಕಳವಿನ ವಿಚಾರಣೆಗೆ ಬರಲಿ, ಗುಡಿಸಿ ಸಾರಿಸದ ನೆಲದ ಮೇಲೆ ಅವರನ್ನು ಕರೆಯುವುದಿಲ್ಲ. ಪುಸ್ತಕ ಬರೆದವರಿಗೆ ಇದು ಗೊತ್ತಿರಲಿಲ್ಲ. "ನಮ್ಮ ಹಳ್ಳ್ಯಾಗ ಕೃತ್ಯದ ಸ್ಥಳ ಮನ್ಯಾಗ ಇರೂದಿಲ್ಲ ಜೈನುದ್ದೀನ, ತಿಪ್ಪ್ಯಾಗ ಇರ್ತೈತಿ" ಎಂದು ಅವರು ನನಗೆ ಹೇಳಿದರು. ಅಂದಿನಿಂದ ಪ್ರತಿ ಶನಿವಾರದ ಅಭ್ಯಾಸ ಬದಲಾಯಿತು. ನಾನು ಸ್ಥಳವನ್ನು ಹೂಡಬೇಕು, ಅದನ್ನು ಗುಡಿಸಿಯೂ ಬಿಡಬೇಕು. ವಿದ್ಯಾರ್ಥಿಗಳು ಬಂದು, ಮನೆಯ ಹೆಣ್ಣುಮಗಳ ಪಾತ್ರದಲ್ಲಿ ಕೂತವಳನ್ನು ಮೊದಲು ಮಾತಾಡಿಸಬೇಕು. ಯಾರ ಮೇಲೆ ಸಂಶಯ ಎಂದು ಕೇಳುವುದಲ್ಲ. ಯಾವ ಮೂಲೆಯಿಂದ ಗುಡಿಸಿದಿರಿ, ಕಸ ಎಲ್ಲಿ ಚೆಲ್ಲಿದಿರಿ ಎಂದು ಕೇಳಬೇಕು. ಅದನ್ನೂ ಬೈಯುವ ದನಿಯಲ್ಲಿ ಕೇಳಿದರೆ ಮೇಡಂ ಅವರು ವಾಪಸು ಬಾಗಿಲಿಗೆ ಕಳಿಸುತ್ತಿದ್ದರು: "ಆಕಿ ತಪ್ಪ ಮಾಡಿಲ್ಲ, ನಿನಗ ಮರ್ಯಾದಿ ಮಾಡ್ಯಾಳ. ಹೊರಗ ಹೋಗಿ ಇನ್ನೊಮ್ಮೆ ಒಳಗ ಬಾ."

ಕಾಲೇಜಿನ ಹಿಂದಿನ ತಿಪ್ಪೆಯಲ್ಲಿ ಬಿ.ಎ. ಓದುವ ಮಕ್ಕಳು ಕೈಯಾಡಿಸುವುದನ್ನು ಕಂಡು ಉಳಿದ ಅಧ್ಯಾಪಕರು ನಮಗೆ ಇಟ್ಟ ಹೆಸರುಗಳನ್ನು ಈ ಗೌರವ ಸಂಪುಟದಲ್ಲಿ ಬರೆಯಲಾಗದು.

ಮುದ್ದೇಬಿಹಾಳ ಕಡೆಯ ಬಸ್ಸು ತಡವಾಗಿ ಬಂದ ದಿನ, ಮುಗಿಯುತ್ತ ಬಂದ ಪಾಠವನ್ನು ಅವರು ಮತ್ತೆ ಮೊದಲಿನಿಂದ ಹೇಳುತ್ತಿದ್ದರು, ತಡವಾದವರ ಮುಖವನ್ನೂ ನೋಡದೆ, ತಮಗೇ ಏನೋ ಮರೆತು ಹೋದಂತೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಬಂದು ಆಕೆಯ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ ಹೋಗುತ್ತಿದ್ದರು. ಆ ಬಗ್ಗೆ ನಾನು ಒಮ್ಮೆ ಧನ್ಯವಾದ ಹೇಳಲು ಹೋದಾಗ, "ನಿನ್ನ ಸಲುವಾಗಿ ಹೋಗಿದ್ದಿಲ್ಲ ತಗೊ, ಆಕಿ ನಿನ್ನ ಬಗ್ಗೆ ಹೇಳೂ ಸುದ್ದಿ ಭಾಳ ಚಲೋ ಇರ್ತಿದ್ವು" ಎಂದರು.

ಈಗ ನಮ್ಮ ವಿದ್ಯಾರ್ಥಿನಿ ಶಿವಾನಿಯ ವಿಷಯಕ್ಕೆ ಬರುತ್ತೇನೆ. ಹೂವಿನ ಹಿಪ್ಪರಗಿಯಿಂದ ಆಕೆಯನ್ನು ಪ್ರವೇಶಕ್ಕೆ ಕರೆತಂದವಳು ಅಜ್ಜಿ ಹುಚ್ಚವ್ವ. ಕುರಿ ಕಾಯ್ದ ಮನೆತನದ ಹೆಣ್ಣುಮಗಳು, ನೇರ ಮಾತು.

"ಅಕ್ಕೋರ, ಇದನ್ನ ಕಲಿತ್ರ ನಮ್ಮ ಹುಡುಗಿ ಫೌಜದಾರ ಆಗ್ತಾಳೇನು?"

"ಅಷ್ಟಕ್ಕ ಆಗೂದಿಲ್ರಿ ಆಯಿ."

"ಮತ್ಯಾಕ ಕಲಸ್ತಿ?"

"ಆದ ಮ್ಯಾಲೆ ಬೇಕಾಗ್ತೈತಿ ಅಂತ ಕಲಸ್ತೇನ್ರಿ. ಆಗೂದು ಬ್ಯಾರೆ, ಅದಕ್ಕ ಓಡಬೇಕು, ಜಿಗೀಬೇಕು, ಪರೀಕ್ಷಾ ಬರೀಬೇಕು."

ಹುಚ್ಚವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದಳು. "ಆಚೀಕಡಿ ಮೇಜಿನ ಮಂದಿ ಎಲ್ಲಾ ಆಗ್ತೈತಿ ಅಂದ್ರು. ಇಲ್ಲ ಅಂದಾಕಿ ಈಕಿ ಒಬ್ಬಾಕಿ. ಇಲ್ಲೇ ಹಚ್ಚು ಹೆಸರು."

ಆದರೆ ಶಿವಾನಿ ಮೇಡಂ ಅವರ ಮಾತನ್ನು ಅರ್ಧವೇ ನಂಬಿದ್ದಳು. ಪದವಿ ಮುಗಿಸಿ ಮೊದಲ ಸಲ ಪಿ.ಎಸ್.ಐ. ಪರೀಕ್ಷೆ ಬರೆದಾಗ ಅಪರಾಧಶಾಸ್ತ್ರ ಓದಿದವಳಿಗೆ ಹೇಗೂ ಸಿಗುತ್ತದೆಂಬ ಧೈರ್ಯದಲ್ಲಿದ್ದಳು. ಪ್ರಬಂಧದ ವಿಷಯ ನೀರಾವರಿ ಬಂದರೂ ಕಾನೂನಿನ ಕಲಮುಗಳನ್ನೇ ತುಂಬಿ ಬಂದಳು. ಸಿಗಲಿಲ್ಲ. ವಯಸ್ಸಿನ ಮಿತಿಯೊಳಗೆ ಇನ್ನು ಒಂದೇ ನೇಮಕಾತಿ ಉಳಿದಿತ್ತು. ಅಳುತ್ತ ಬಂದವಳನ್ನು ಮೇಡಂ ಅವರು ಸಮಾಧಾನ ಮಾಡಲಿಲ್ಲ. ಕೈ ಹಿಡಿದು ಮೈದಾನಕ್ಕೆ ಕರೆದೊಯ್ದು ದೈಹಿಕ ಶಿಕ್ಷಣದ ಅಶ್ಫಾಕ ಸರ್ ಅವರ ಮುಂದೆ ನಿಲ್ಲಿಸಿದರು. "ಸರ್, ಈಕಿಗಿ ನಾ ಕಲಸೂದ ಮುಗದೈತಿ. ಈಗ ನಿಮ್ಮ ಪಾಳಿ."

ಅಶ್ಫಾಕ ಸರ್ ಆಕೆಯ ತೋಳು, ನಡಿಗೆ ನೋಡಿ, "ಕಬ್ಬಿಣದ ಗುಂಡು ಎಸೀತಾಳ ಮೇಡಂ. ಓಡೂದಂದ್ರ ಕುರಿ ಹಿಂದ ಬಂದಂಗ ಬರಾಕತ್ತಾಳ" ಎಂದರು.

"ಕುರಿ ಮುಂದ ಓಡೂದು ಕಲಸ್ರಿ ಹಂಗಾರ" ಎಂದು ಶಿವಾನಿಯೇ ಕಣ್ಣೊರೆಸಿಕೊಂಡು ಉತ್ತರ ಕೊಟ್ಟಳು. ಅವತ್ತು ನನಗೆ ಈಕೆ ಗೆಲ್ಲುತ್ತಾಳೆ ಅನ್ನಿಸಿತು.

ವರ್ಷವಿಡೀ ನಸುಕಿನಲ್ಲಿ ಆಕೆ ಓಡಿದಳು. ಅರವತ್ತರ ಹತ್ತಿರ ಬಂದಿದ್ದ ಮೇಡಂ ಅವರು ಸ್ವೆಟರು ಹಾಕಿಕೊಂಡು ಮೈದಾನದ ಅಂಚಿನಲ್ಲಿ ಕುಳಿತು, ಓಟ ಮುಗಿದ ಕೂಡಲೇ ಎದುರಿಗೆ ಕೂರಿಸಿಕೊಂಡು ಪ್ರಬಂಧ, ಅನುವಾದ ಬರೆಸಿದರು. ಇದು ಅವರ ನೌಕರಿಯಾಗಿರಲಿಲ್ಲ. ಆ ಹುಡುಗಿ ಆಗಲೇ ಕಾಲೇಜು ಬಿಟ್ಟಾಗಿತ್ತು. ಎರಡನೆಯ ಸಲ ಶಿವಾನಿ ಓಟ, ಜಿಗಿತ, ಬರಹ ಎಲ್ಲವನ್ನೂ ದಾಟಿ ಆಯ್ಕೆಯಾದಳು. ಹುಚ್ಚವ್ವ ಚೀಲದ ತುಂಬ ಸಜ್ಜಿರೊಟ್ಟಿ ಕಟ್ಟಿಕೊಂಡು ಬಂದು ಇಡೀ ಕಾಲೇಜಿಗೆ ಹಂಚಿದಳು, ನಮಗೆ ಹೆಸರಿಟ್ಟಿದ್ದ ಅಧ್ಯಾಪಕರಿಗೂ.

ತರಬೇತಿ ಮುಗಿಸಿದ ಶಿವಾನಿಯನ್ನು ಇಂಡಿ ತಾಲೂಕಿಗೆ ಹಾಕಿದರು. ಅಲ್ಲಿಯ ಒಂದು ಹಳ್ಳಿಯಲ್ಲಿ ರುಕ್ಮವ್ವ ಎಂಬುವರ ತಿಜೋರಿಯಿಂದ ಬಂಗಾರದ ಬೋರಮಾಳ ಸರ ಹೋಗಿತ್ತು. ಬೀಗ ಮುರಿದಿರಲಿಲ್ಲ, ಕೀಲಿಕೈ ಮನೆಯಲ್ಲೇ ಇತ್ತು. ಆದ್ದರಿಂದ ಮನೆಯವರೆಲ್ಲ ಸೇರಿ ಸೊಸೆ ರಾಜಶ್ರೀಯೇ ತೆಗೆದಿದ್ದಾಳೆ ಎಂದು ತೀರ್ಮಾನಿಸಿ, ಆಕೆಯನ್ನು ತವರಿಗೆ ಕಳಿಸಲು ಚೀಲ ಕಟ್ಟಿಸಿ ಕಟ್ಟೆಯ ಮೇಲೆ ಕೂರಿಸಿದ್ದರು. ಶಿವಾನಿ ಹೋದಾಗ ಅಂಗಳಕ್ಕೆ ನೀರು ಹೊಡೆದು, ನೆಲ ಸಾರಿಸಿ, ಒಳಗೆ ಕುರ್ಚಿ ಹಾಕಿ ಕಾಯುತ್ತಿದ್ದರು. ಜೊತೆಗಿದ್ದ ಪೇದೆ ತಲೆ ಚಚ್ಚಿಕೊಂಡ. ಶಿವಾನಿ ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, ರುಕ್ಮವ್ವನನ್ನು ಕೇಳಿದಳಂತೆ: "ಮನಿ ಭಾಳ ಹಸನ ಮಾಡೀರಿ ಆಯಿ. ತಿಜೋರಿ ಕೆಳಗ ಗುಡಿಸಿದ ಕಸಾ ಎಲ್ಲಿ ಚೆಲ್ಲೀರಿ?"

ತಿಪ್ಪೆಯ ಮೇಲಿನ ಆ ಹೊತ್ತಿನ ಕಸದಲ್ಲಿ ಒಂದು ಕೀಲಿಕೈಯ ಮುರಿದ ತುದಿ ಸಿಕ್ಕಿತು. ಮನೆಯ ಕೀಲಿಕೈ ಹಳೆಯದು, ಇಡಿಯಾಗಿತ್ತು. ಈ ತುದಿಯಲ್ಲಿ ಹೊಸದಾಗಿ ಅರದಿಂದ ಉಜ್ಜಿದ ಹೊಳಪು ಇನ್ನೂ ಇತ್ತು. ಯಾರೋ ಹೊರಗೆ ನಕಲಿ ಮಾಡಿಸಿ, ತಿಜೋರಿ ತೆರೆದು ಮುಚ್ಚಿ ಕೀಲಿಕೈ ಹೊರಗೆಳೆಯುವಾಗ ಅದರ ತುದಿ ಮುರಿದು ಕೆಳಗೆ ಬಿದ್ದಿತ್ತು. ಇಂಡಿ ಪೇಟೆಯ ಕೀಲಿ ಮಾಡುವವನು ತನ್ನ ಕೆಲಸವನ್ನು ನೋಡಿದೊಡನೆ ಗುರುತಿಸಿ, ಮಾಡಿಸಿದವನನ್ನು ಹೇಳಿದ. ಹಿಂದಿನ ತಿಂಗಳು ಆ ಮನೆಗೆ ಬಣ್ಣ ಹಚ್ಚಲು ಬಂದವನು, ಆಗಲೇ ಮನೆಯ ಕೀಲಿಕೈಯ ಅಚ್ಚು ತೆಗೆದುಕೊಂಡಿದ್ದ. ಸರ ಅವನ ಬಳಿಯೇ ಸಿಕ್ಕಿತು. ರಾಜಶ್ರೀಯ ಚೀಲವನ್ನು ರುಕ್ಮವ್ವನೇ ಬಿಚ್ಚಿ ಒಳಗೆ ಇಟ್ಟಳು.

ಸುದ್ದಿ ಸಿಂದಗಿಗೆ ಬಂದ ವಾರದಲ್ಲೇ ಈ ವರ್ಷದ ಪ್ರವೇಶ ಶುರುವಾಯಿತು. ಆಡಳಿತ ಮಂಡಳಿಯ ಕಾರ್ಯದರ್ಶಿ ಪರಮಾನಂದ ಅವರು, ಮನಸ್ಸಿನಲ್ಲಿ ವಿಭಾಗ ಉಳಿಯಲೆಂಬ ಆಸೆಯೇ ಇದ್ದವರು, ಸಮವಸ್ತ್ರದ ಶಿವಾನಿಯ ಭಾವಚಿತ್ರ ಹಾಕಿಸಿ 'ಇಲ್ಲಿ ಓದಿರಿ, ಪೊಲೀಸ್ ಅಧಿಕಾರಿಯಾಗಿರಿ' ಎಂಬ ದೊಡ್ಡ ಬ್ಯಾನರು ಮಾಡಿಸಿ ತಂದರು. ಮೇಡಂ ಅವರು ಅದನ್ನು ಓದಿ, ಕಟ್ಟಬೇಡಿ ಎಂದರು.

"ಮೇಡಂ, ನೀವು ಇದೇ ತಿಂಗಳು ಹೋಗೋರು. ಇದನ್ನ ಕಟ್ಟಿದ್ರ ವಿಭಾಗ ಉಳೀತೈತಿ. ಕಟ್ಟಲಿಲ್ಲಂದ್ರ ಮುಚ್ಚತೈತಿ. ನನ್ನ ಕೈಯಾಗ ಇಲ್ಲ."

"ಮುಚ್ಚಲಿ ಬಿಡ್ರಿ. ಸುಳ್ಳು ಹೇಳಿದವ್ರನ್ನ ಹೆಂಗ ಹಿಡೀಬೇಕು ಅಂತ ಕಲಸೂ ವಿಭಾಗ ಇದು. ಬಾಗಿಲಕ್ಕ ಸುಳ್ಳ ಕಟ್ಟಿ ಒಳಗ ಏನ್ ಕಲಸ್ಲಿ?"

ಪರಮಾನಂದ ಅವರು ಬ್ಯಾನರನ್ನು ಮಡಚಿ ಕಾರಿನಲ್ಲಿಟ್ಟುಕೊಂಡು ಹೋದರು. ಅಂದು ಮೇಡಂ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಅದನ್ನು ನಾನು ಮಾತ್ರ ಬಲ್ಲೆ.

ಮರುದಿನ ಮೇಜಿನ ಮುಂದೆ ಎಂದಿಗಿಂತ ಹೆಚ್ಚು ಮಂದಿ ಇದ್ದರು. ಸುದ್ದಿ ಬ್ಯಾನರಿಗಿಂತ ಮೊದಲೇ ಬಸ್ಸು ಹತ್ತಿತ್ತು. ಎಂದಿನ ಪ್ರಶ್ನೆ ಬಂತು, ಎಂದಿನ ಉತ್ತರವೂ ಹೋಯಿತು: ಇದಕ್ಕಂತ ಪೊಲೀಸ್ ಆಗೂದಿಲ್ರಿ. ಮಂದಿ ಮುಖ ಮುಖ ನೋಡಿಕೊಂಡು ಅತ್ತಿತ್ತ ಸರಿಯತೊಡಗಿದಾಗ, ರಜೆ ಹಾಕಿ ಅಜ್ಜಿಯ ಜೊತೆ ಬಂದು ಹಿಂದೆ ನಿಂತಿದ್ದ ಶಿವಾನಿ ಮುಂದೆ ಬಂದು ಹೇಳಿದಳು: "ಮೇಡಂ ಹೇಳೂದು ಖರೇ ಐತ್ರಿ. ನಾ ನಂಬಲಾರದ ಒಮ್ಮೆ ಫೇಲಾಗೇನಿ. ನನಗ ನೌಕರಿ ಕೊಡಿಸಿದ್ದು ಓಟ, ಬರಹ. ಈ ಡಿಗ್ರಿ ಕೊಟ್ಟಿದ್ದು ಬ್ಯಾರೆ."

"ಬ್ಯಾರೆ ಏನ್ ಕೊಟ್ಟೈತಿ?" ಎಂದು ಬಾಗೇವಾಡಿ ಕಡೆಯ ಒಬ್ಬ ತಂದೆ ಕೇಳಿದರು.

ಅದಕ್ಕೆ ಉತ್ತರ ಕೊಟ್ಟವರು ಶಿವಾನಿಯಲ್ಲ. ಮಂದಿಯ ನಡುವಿನಿಂದ ಸೊಸೆಯ ಕೈ ಹಿಡಿದುಕೊಂಡು ರುಕ್ಮವ್ವ ಮುಂದೆ ಬಂದಳು. ಪಿಯುಸಿ ಮುಗಿಸಿ ಮದುವೆಯಾಗಿ ಓದು ಬಿಟ್ಟಿದ್ದ ರಾಜಶ್ರೀಯನ್ನು ಮೇಜಿನ ಮುಂದೆ ನಿಲ್ಲಿಸಿ, "ನಮ್ಮ ಸೊಸಿ ಹೆಸರು ಹಚ್ಕೋರಿ ಅಕ್ಕೋರ" ಎಂದಳು.

"ಫೌಜದಾರ ಆಗ್ತಾಳಂತ ನಾ ಹೇಳಂಗಿಲ್ರಿ" ಎಂದರು ಮೇಡಂ.

"ಆಗಲಿ, ಬಿಡಲಿ. ಮನ್ಯಾಗ ಏನರೆ ಕಳದ್ರ ನಾವು ಮೊದಲ ಮನಷ್ಯಾನ್ನ ಹಿಡೀತೇವ್ರಿ. ಹಿಡಿಯೂಕಿಂತ ಮೊದಲ ಕೇಳಬೇಕು ಅನ್ನೂದು ತಿಳದಾಕಿ ಒಬ್ಬಾಕಿ ನಮ್ಮ ಮನ್ಯಾಗೂ ಇರ್ಲಿ."

ಅಂದು ಸಂಜೆಯ ಹೊತ್ತಿಗೆ ನಮ್ಮ ತರಗತಿ ತುಂಬಿ, ಪಕ್ಕದ ವಿಭಾಗದಿಂದ ಬೆಂಚುಗಳನ್ನು ಕೇಳಿ ತರಬೇಕಾಯಿತು. ಅವರು ಕೊಟ್ಟರು, ಮುಖ ಗಂಟು ಹಾಕಿಕೊಂಡೇ ಕೊಟ್ಟರು. ಪರಮಾನಂದ ಅವರು ತಾವೇ ಬಂದು ಮೇಡಂ ಅವರಿಗೆ ಕೈಮುಗಿದು, ವಿಭಾಗ ಮುಂದುವರಿಯುತ್ತದೆಂದು ಎಲ್ಲರ ಎದುರಿಗೆ ಹೇಳಿದರು.

ಮಾನ್ಯ ಸುರೇಖಾ ಮೇಡಂ, ತಮ್ಮ ಕಣ್ಣು ಹೀಗೇ ಚುರುಕಾಗಿರಲಿ, ಕಾಲು ಗಟ್ಟಿಯಾಗಿರಲಿ, ನೂರು ತುಂಬುವವರೆಗೂ ತಮಗೆ ಖರೇ ಮಾತೇ ರುಚಿಸಲಿ. ನಿವೃತ್ತಿ ಎಂಬುದು ಸರಕಾರದ ಮಾತು, ಅದನ್ನು ನಾವು ಗೌರವಿಸುತ್ತೇವೆ. ಆದರೆ ಹೊಸ ತರಗತಿಯ ಮಕ್ಕಳು ಶನಿವಾರಕ್ಕೆ ಕಾಯುತ್ತಿದ್ದಾರೆ, ಮೊದಲನೆಯ ಬೆಂಚಿನಲ್ಲಿ ರಾಜಶ್ರೀ ಕುಳಿತಿದ್ದಾಳೆ. ತಾವು ಬರುತ್ತೀರೆಂದು ನಾನು ಅವರಿಗೆ ಮಾತು ಕೊಟ್ಟುಬಿಟ್ಟಿದ್ದೇನೆ.